ಮಾವನವರ ಪ್ರೀ-ಆಂಪ್

ನಮ್ಮ ಮಾವನವರ ಮನೆಯ ಹಾಲ್‌ನಲ್ಲಿ ನೆಟ್ಟಗೆ ಕೂರಲು ಇರುವುದು ಒಂದೇ ಕುರ್ಚಿ. ಅದು ಅವರದು. ಮಿಕ್ಕ ಜಾಗವೆಲ್ಲ ಡಬ್ಬಗಳ ಪಾಲು. ಆಳೆತ್ತರದ ಎರಡು ಸ್ಪೀಕರುಗಳು, ನಡುವೆ ಒಂದು ಸಿಡಿ ಪ್ಲೇಯರು, ಅದರ ಕೆಳಗೆ ಎತ್ತಿದರೆ ಸೊಂಟ ಹಿಡಿಯುವಂಥ ಆಂಪ್ಲಿಫೈಯರು. ಇವಿಷ್ಟೂ ಸಾಲದು, ಪ್ಲೇಯರಿಗೂ ಆಂಪ್ಲಿಫೈಯರಿಗೂ ನಡುವೆ ಒಂದು ಪ್ರೀ-ಆಂಪ್ ಬೇಕೇ ಬೇಕು ಎಂದು ಆರು ತಿಂಗಳಿಂದ ಹಠ ಹಿಡಿದಿದ್ದರು.

ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು ಒಂದೇ ಮಾತು ಹೇಳಿದ್ದರು.

"ಅಳಿಯಂದ್ರೇ, ಈ ಮನೆಗೆ ಇನ್ನೊಂದು ಡಬ್ಬ ಬಂದ್ರೆ ನಾನು ಅಕ್ಕನ ಮನೆಗೆ ಹೋಗ್ತೀನಿ. ವಾಪಸ್ ಬರಲ್ಲ. ಆ ಮನುಷ್ಯ ಡಬ್ಬ ಹೇಳಿದ್ದು ಕೇಳ್ತಾರೆ, ನಾನು ಹೇಳಿದ್ದು ಕಿವಿ ಮೇಲೇ ಹಾಕ್ಕೊಳಲ್ಲ."

ಬರೀ ಬಾಯಿಮಾತಲ್ಲ. ಮಲಗುವ ಕೋಣೆಯ ಬಾಗಿಲ ಹಿಂದೆ ಬಟ್ಟೆ ತುಂಬಿ ಜಿಪ್ ಎಳೆದಿದ್ದ ಚೀಲವನ್ನು ನಾನೇ ಕಣ್ಣಾರೆ ಕಂಡಿದ್ದೆ.

ನಾನು ರೇಡಿಯೊ, ಆಂಪ್ಲಿಫೈಯರು ರಿಪೇರಿ ಮಾಡಿ ಹೊಟ್ಟೆ ಹೊರೆಯುವವನು. ಈ ವಿಷಯದಲ್ಲಿ ನನ್ನನ್ನು ಕೇಳಿದ್ದರೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಹಳೆಯ ರೆಕಾರ್ಡ್ ಪ್ಲೇಯರಿನ ಹಾಗೆ ಸೊರಗಿದ ಸಿಗ್ನಲ್ ಕೊಡುವ ಯಂತ್ರವಿದ್ದರೆ ಅದಕ್ಕೆ ಮೊದಲು ಸ್ವಲ್ಪ ಕಸುವು ತುಂಬಿ ಮುಂದಕ್ಕೆ ಕಳಿಸಲು ಪ್ರೀ-ಆಂಪ್ ಬೇಕು. ನಾಲ್ಕಾರು ಯಂತ್ರಗಳಿದ್ದು ಒಂದರಿಂದ ಇನ್ನೊಂದಕ್ಕೆ ಬದಲಿಸುತ್ತಿರಬೇಕಾದರೂ ಬೇಕು. ಮಾವನವರಲ್ಲಿ ಇರುವುದು ಒಂದೇ ಪ್ಲೇಯರು, ಅದರ ಸಿಗ್ನಲ್ ಬೇಕಾದಷ್ಟು ಗಟ್ಟಿ, ವಾಲ್ಯೂಮ್ ತಿರುಗಿಸುವ ಗುಂಡಿ ಆಂಪ್ಲಿಫೈಯರಿಗೇ ಇದೆ. ಅಂದಮೇಲೆ ಪ್ರೀ-ಆಂಪ್ ಎನ್ನುವುದು ಉಂಡು ಕೈ ತೊಳೆದವನ ಮುಂದೆ ಮತ್ತೆ ತಟ್ಟೆ ಇಟ್ಟ ಹಾಗೆ. ಇದನ್ನೇ ಮಾವನವರಿಗೆ ಹೇಳಿದೆ.

"ಅಳಿಯಂದ್ರೇ, ನೀವು ರಿಪೇರಿಯವ್ರು, ನಾನು ಕೇಳೋನು," ಎಂದರು ಮಾವ. "ಇದ್ರ ದನೀಲಿ ಅಂಚೇ ಇಲ್ಲ, ಚೂಪೇ ಇಲ್ಲ. ಹಾಡೋರ ಬಾಯಿಗೆ ಯಾರೋ ಬಟ್ಟೆ ತುರುಕಿದ ಹಾಗಿದೆ. ಪ್ರೀ-ಆಂಪ್ ಇಲ್ದೆ ದನಿ ಬಿಡಿಸ್ಕೊಂಡು ಬರಲ್ಲ."

ಮೂವತ್ತು ವರ್ಷ ಬಟ್ಟೆ ಗಿರಣಿಯ ಮಗ್ಗಗಳ ಗದ್ದಲದ ನಡುವೆ ಮೇಸ್ತ್ರಿಯಾಗಿ ನಿಂತವರು. ಅಲ್ಲಿ ಅವರಿಗೆ ಯಾರೂ ಎದುರಾಡಿರಲಿಲ್ಲ. ಮನೆಯ ಅಳಿಯ ಎದುರಾಡಿಯಾನೇ? ನನಗೋ ಅತ್ತ ದರಿ, ಇತ್ತ ಪುಲಿ.

ಭಾನುವಾರ ಬೆಳಗ್ಗೆ ಹತ್ತಕ್ಕೆ ಅವರ ಮನೆಯಲ್ಲಿ ಸಭೆ ಸೇರುತ್ತಿತ್ತು. ಸಭೆ ಎಂದರೆ ಮಾವನವರ ಗೆಳೆಯರಿಬ್ಬರು, ಹಲ್ಲಿನ ಡಾಕ್ಟರು ಮತ್ತು ಸರ್ವೆಯರು. ಅಡುಗೆಮನೆಯ ಎರಡು ಸ್ಟೂಲು ತಂದು ಕುರ್ಚಿಯ ಅಕ್ಕಪಕ್ಕ ಕೂರುತ್ತಿದ್ದರು. ನಿಯಮ ಬಲು ಕಟ್ಟುನಿಟ್ಟು. ಕಣ್ಣು ಮುಚ್ಚಿ ಕೇಳಬೇಕು, ಕೇಳಿದ ಮೇಲೆ ಮಾವ ಮೊದಲು ಬಾಯಿ ಬಿಡಬೇಕು, ಆಮೇಲೆ ಉಳಿದವರು. ಇಷ್ಟು ದಿನದಲ್ಲಿ ಉಳಿದವರಿಗೆ ಬೇರೆ ಅಭಿಪ್ರಾಯ ಹುಟ್ಟಿದ ಉದಾಹರಣೆ ಇಲ್ಲ.

ನಾನೂ ಒಂದು ಉಪಾಯ ಹೂಡಿದೆ. ಯಾರೋ ರಿಪೇರಿಗೆ ಕೊಟ್ಟು ಮರೆತುಹೋದ ಪ್ರೀ-ಆಂಪ್ ಒಂದು ನನ್ನ ಅಂಗಡಿಯಲ್ಲಿ ಬಿದ್ದಿತ್ತು. ಚಾಲೂ ಮಾಡಿದೊಡನೆ ಸೊಳ್ಳೆಯೊಂದು ಕಿವಿಯೊಳಗೇ ಸಂಸಾರ ಹೂಡಿದಂತೆ ಸಣ್ಣಗೆ, ಚೂಪಾಗಿ 'ಕೀ' ಎನ್ನುವುದು ಅದರ ರೋಗ. ಅದನ್ನೇ ಒಯ್ಯೋಣ, ಮಾವ ಕೇಳಿ ಮುಖ ಸಿಂಡರಿಸಲಿ, ಪ್ರೀ-ಆಂಪಿನ ಭೂತ ಒಂದೇ ಏಟಿಗೆ ಬಿಟ್ಟುಹೋಗಲಿ ಎಂದುಕೊಂಡೆ. ಪರೀಕ್ಷೆಗೆ ಮಾತ್ರ, ಸಂಜೆ ವಾಪಸ್ ಒಯ್ಯುತ್ತೇನೆ ಎಂದು ಅತ್ತೆಗೆ ಮಾತು ಕೊಟ್ಟೆ.

ಆ ಭಾನುವಾರ ಸಭೆ ಸೇರಿದಾಗ ಮೊದಲು ಪ್ರೀ-ಆಂಪ್ ಇಲ್ಲದೆ ಒಂದು ಹಾಡು ಹಾಕಿದೆ. ಮಾವ "ಸಪ್ಪೆ" ಎಂದರು. ಇಬ್ಬರೂ "ಸಪ್ಪೆ" ಎಂದರು. ಆಮೇಲೆ ನನ್ನ ರೋಗಿಷ್ಠ ಡಬ್ಬ ಸಿಕ್ಕಿಸಿ ಅದೇ ಹಾಡು ಹಾಕಿದೆ. ಕೀ ಎಂದಿತು. ಡಾಕ್ಟರು ಥಟ್ಟನೆ ಕಣ್ಣು ಬಿಟ್ಟರು, ತಮ್ಮ ಡ್ರಿಲ್ ನೆನಪಾಗಿರಬೇಕು. ಸರ್ವೆಯರು ಕಿವಿಗೆ ಕಿರುಬೆರಳು ತೂರಿಸಿದರು. ಮಾವ ಮಾತ್ರ ಕಣ್ಣು ಮುಚ್ಚಿಯೇ ಮುಗುಳ್ನಗುತ್ತಿದ್ದರು. ಹಾಡು ಮುಗಿಯಿತು, ಕೀ ಮುಗಿಯಲಿಲ್ಲ.

"ಆಹಾ!" ಎಂದರು ಮಾವ. "ಎಂಥಾ ನಿಶ್ಶಬ್ದ! ಹಾಡಿನ ಹಿಂದೆ ಒಂದು ಚೂರು ಕಸ ಇಲ್ಲ ನೋಡಿ."

ಡಾಕ್ಟರು ಬಿಟ್ಟ ಕಣ್ಣನ್ನು ಮತ್ತೆ ಮುಚ್ಚಿದರು. "ಹೌದೌದು. ನಿಶ್ಶಬ್ದ ಅಂದ್ರೆ ಇದು."

"ಗುಡಿಸಿ ಸಾರಿಸಿದ ಹಾಗಿದೆ," ಎಂದರು ಸರ್ವೆಯರು, ಕಿರುಬೆರಳು ಇನ್ನೂ ಕಿವಿಯಲ್ಲೇ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ! ನನಗೆ ಮೈಯೆಲ್ಲ ಉರಿದುಹೋಯಿತು.

"ಅಳಿಯಂದ್ರೇ, ಈ ಡಬ್ಬ ಇಲ್ಲೇ ಇರ್ಲಿ," ಎಂದರು ಮಾವ.

ಅಷ್ಟರಲ್ಲಿ ಅತ್ತೆ ಎರಡೂ ಕಿವಿ ಮುಚ್ಚಿಕೊಂಡು ಅಡುಗೆಮನೆ ಬಾಗಿಲಿಗೆ ಬಂದರು. "ಏನ್ರೀ ಅದು ಕೀ ಅಂತ! ತಲೆ ಚಿಟ್ಟು ಹಿಡೀತು. ಆರ್ಸಿ ಅದನ್ನ!"

ಮಾವ ತಿರುಗಲಿಲ್ಲ.

"ನೋಡಿದ್ರಾ ಅಳಿಯಂದ್ರೇ?" ಎಂದು ಅತ್ತೆ ಸೀದಾ ಮಲಗುವ ಕೋಣೆಗೆ ಹೋದರು. ಚೀಲ ನೆಲದ ಮೇಲೆ ಎಳೆದ ಸದ್ದು ಕೇಳಿಸಿತು.

ಆಗ ನನ್ನ ಮಂಡೆಗೆ ಹೊಳೆಯಿತು. ಈ ಇಬ್ಬರು ಮಹನೀಯರು ಕೇಳಿಸಿದ್ದನ್ನು ಮುಚ್ಚಿಟ್ಟಿದ್ದರು. ಮಾವ ಏನನ್ನೂ ಮುಚ್ಚಿಟ್ಟಿರಲಿಲ್ಲ. ಅವರಿಗೆ ಕೇಳಿಸಿಯೇ ಇರಲಿಲ್ಲ. ಇಪ್ಪತ್ತು ವರ್ಷ ಜನರ ಯಂತ್ರಗಳ ರೋಗ ಕಂಡುಹಿಡಿದವನು ಮನೆಯ ಮನುಷ್ಯನದು ಹಿಡಿಯಲಾರದೆ ಹೋದೆನಲ್ಲ ಎಂದು ನಾಚಿಕೆಯಾಯಿತು.

ಓಡಿಹೋಗಿ ಅತ್ತೆಯನ್ನು ಬಾಗಿಲಲ್ಲೇ ತಡೆದೆ. "ಅತ್ತೆ, ಮಾವನಿಗೆ ಕಿವಿ ಕೇಳಿಸ್ತಿಲ್ಲ. ಸಣ್ಣ ದನಿ ಒಂದೂ ಕೇಳಿಸ್ತಿಲ್ಲ."

"ಬೇಕಾದ್ದೆಲ್ಲ ಕೇಳ್ಸುತ್ತೆ ಅವ್ರಿಗೆ."

"ನೀವೇ ನೋಡಿ."

ಅತ್ತೆ ಚೀಲ ಹಿಡಿದೇ ಹೋಗಿ ಕುರ್ಚಿಯ ಹಿಂದೆ ನಿಂತರು. ದಿನವೂ ಆಡುವ ದನಿಯಲ್ಲೇ ಹೇಳಿದರು. "ನಾನು ಹೊರಟೆ. ಇನ್ನು ಬರಲ್ಲ."

ಮಾವ ಡಾಕ್ಟರಿಗೆ ನಿಶ್ಶಬ್ದದ ಗುಣ ವಿವರಿಸುತ್ತಲೇ ಇದ್ದರು. ಡಾಕ್ಟರು ತಮ್ಮ ಮೊಣಕಾಲು ನೋಡುತ್ತ ಕೂತರು. ನಾನು ಡಬ್ಬ ಆರಿಸಿದೆ. ಅತ್ತೆಯ ಮುಖ ನೋಡಲಾಗಲಿಲ್ಲ.

ಅವರು ಸುತ್ತಿ ಬಂದು ಎದುರಿಗೆ ನಿಂತಾಗ ಮಾವ ಮೊದಲು ಅವರನ್ನು, ಆಮೇಲೆ ಚೀಲವನ್ನು ನೋಡಿದರು.

"ಎಲ್ಲಿಗೆ ಹೊರಟೆ?"

ಅತ್ತೆ ಬಗ್ಗಿ, ಒಂದೊಂದೇ ಮಾತನ್ನು ಬಿಡಿಸಿ, ಗಟ್ಟಿಯಾಗಿ ಹೇಳಿದರು. "ಎರಡು ವರ್ಷದಿಂದ ನಾನು ಕೂಗ್ತಾನೇ ಇದೀನಿ. ನೀವು ಒಂದ್ಸಲಾನೂ ತಿರುಗಿ ನೋಡ್ಲಿಲ್ಲ."

ಮಾವ ಅವರ ತುಟಿಗಳನ್ನೇ ನೋಡುತ್ತಿದ್ದರು.

"ಕೂಗ್ತಿದ್ಯಾ?" ಎಂದರು. "ನೀನೇ ನನ್ ಹತ್ರ ಮಾತು ಬಿಟ್ಟಿದೀಯ ಅಂದ್ಕೊಂಡಿದ್ದೆ ಕಣೇ. ಮನೆ ಬಿಕೋ ಅಂತಿತ್ತು. ಅದಕ್ಕೇ ಇವನ್ನೆಲ್ಲ ತಂದೆ."