ಕತ್ತಲಾದ ಮೇಲೆ ಕಡಲಿಲ್ಲ

"ಹಾಯಿಬಟ್ಟೆ ಬಿಚ್ಚೋ ಲೇ, ಸೂಳೇಮಗನೆ. ಒಳಗೇನೈತೆ ನೋಡ್ಬೇಕು."

"ನನ್ ತಮ್ಮ ಅವ್ನೆ ಸಾಮಿ," ಎಂದ ಫೂಮೊ.

"ತಮ್ಮನೋ ಬಾಂಬೋ ನಂಗೇನ್ ಗೊತ್ತು? ಬಿಚ್ಚು."

ಫೂಮೊ ಮೊಣಕಾಲುದ್ದದ ನೀರಿನಲ್ಲಿ ನಿಂತು ದೋಣಿಯೊಳಗೆ ಬಗ್ಗಿ ಗಂಟು ಬಿಚ್ಚಿದ. ಕೋಂಬೊನ ಮುಖ ಹೊರಬಂತು. ಮೂಗಿನ ತುಂಬ ಮರಳು. ಒಂದು ಕಿವಿಯನ್ನು ಏಡಿಗಳು ತಿಂದಿದ್ದವು. ದಡದ ಠಾಣೆಯ ಸಾರ್ಜೆಂಟ್ ಬಂದೂಕಿನ ತುದಿಯಿಂದ ಹೆಣದ ಕಂಕುಳು, ಸೊಂಟ, ತೊಡೆಸಂದು ಎಲ್ಲ ತಟ್ಟಿ ನೋಡಿದ. ಬಾಂಬು ಇರಲಿಲ್ಲ.

"ಗುರುತಿನ ಚೀಟಿ?"

"ಕಡಲಲ್ಲೈತೆ ಸಾಮಿ. ಅಂಗಿ ಜೋಬಲ್ಲಿತ್ತು. ಅಂಗೀನೂ ಕಡಲಲ್ಲೇ ಐತೆ."

"ಚೀಟಿ ಇಲ್ದೋನು ಗಡಿ ಆಚೆಯೋನು ಅಂತ ಆರ್ಡರು. ಸತ್ತೋರಿಗೆ ಬ್ಯಾರೆ ಆರ್ಡರ್ ಬಂದಿಲ್ಲ. ನಿಮ್ಮೂರ ಯಜಮಾನ ಬಂದು ಇವ್ನು ನಮ್ಮೋನೇ ಅನ್ಲಿ, ಆಮ್ಯಾಕೆ ಎತ್ಕಂಡೋಗು."

ಯಜಮಾನ ಮದುವೆಗೆಂದು ಲಾಮು ಪಟ್ಟಣಕ್ಕೆ ಹೋಗಿದ್ದ. ಅವನು ಬರುವ ಹೊತ್ತಿಗೆ ಮಸೀದಿಯಲ್ಲಿ ಇಳಿಹೊತ್ತಿನ ಅಸರ್ ನಮಾಜು ಮುಗಿದಿತ್ತು. ಅಲ್ಲಿಯವರೆಗೂ ಫೂಮೊ ದೋಣಿಯ ನೆರಳು ಸರಿದಂತೆಲ್ಲ ತಮ್ಮನನ್ನೂ ಸರಿಸುತ್ತ ಮರಳಿನ ಮೇಲೆ ಕೂತಿದ್ದ. ಸಾರ್ಜೆಂಟ್ ಒಮ್ಮೆ ಬಂದು, ಠಾಣೆಗೆ ವಾಸನೆ ಬರುತ್ತಿದೆ, ಆ ಕಡೆ ಇಟ್ಟುಕೋ ಎಂದು ಹೇಳಿ ಹೋದ.

ಆರ್ಡರು ಬಂದು ಅದು ಮೂರನೇ ವರ್ಷ. ಭಯೋತ್ಪಾದಕರು ಸೋಮಾಲಿಯಾ ಕಡೆಯಿಂದ ರಾತ್ರಿ ದೋಣಿಯಲ್ಲಿ ಬರುತ್ತಾರೆ; ಆದ್ದರಿಂದ ಹೊತ್ತು ಮುಳುಗಿದ ಮೇಲೆ ಯಾವ ದೋಣಿಯೂ ನೀರಿಗಿಳಿಯಕೂಡದು. ಆದರೆ ತೆಂಕಣ ಗಾಳಿಯ ತಿಂಗಳುಗಳಲ್ಲಿ ಆ ಕಡಲು ಹಗಲೆಲ್ಲ ಕುದಿದು, ರಾತ್ರಿಗೆ ಮಲಗುತ್ತದೆ. ಮೀನು ಮೇಲೆ ಬರುವುದೂ ರಾತ್ರಿಯೇ. ತಾತನ ಕಾಲದಿಂದಲೂ ಅಲ್ಲಿನ ಗಂಡಸರು ಹಗಲು ಮಲಗಿ ರಾತ್ರಿ ದುಡಿದವರು. ಈಗ ಹಗಲೇ ಹೋಗುತ್ತಿದ್ದರು. ಕೆಲವರು ವಾಪಸು ಬರುತ್ತಿರಲಿಲ್ಲ.

ಕೋಂಬೊ ಹೋದದ್ದು ನಡುಮಧ್ಯಾಹ್ನ. ಅಣ್ಣ ತಮ್ಮ ಬಲೆ ಎಳೆಯುತ್ತಿದ್ದಾಗ ಅಡ್ಡ ಬಂದ ಅಲೆಯೊಂದು ದೋಣಿಯನ್ನು ಕವುಚಿ ಹಾಕಿತು. ಫೂಮೊ ಒಂದು ಕೈಯಲ್ಲಿ ದೋಣಿಯನ್ನೂ ಇನ್ನೊಂದರಲ್ಲಿ ತಮ್ಮನ ರಟ್ಟೆಯನ್ನೂ ಹಿಡಿದಿದ್ದ. ಕೈ ಮರಗಟ್ಟಿತ್ತು. ಹಿಡಿತ ಯಾವಾಗ ಜಾರಿತೋ ಅವನಿಗೆ ತಿಳಿಯಲಿಲ್ಲ. ಮಾರನೆಯ ದಿನ ಕಡಲು ತಾನಾಗಿಯೇ ಕೋಂಬೊನನ್ನು ಮರಳುದಿಬ್ಬಕ್ಕೆ ತಂದು ಹಾಕಿತ್ತು.

ಮಣ್ಣಾದ ಮೇಲೆ, ಮನೆಯಲ್ಲಿನ್ನೂ ದುಃಖಕ್ಕೆ ಬಂದವರು ಕಾಫಿ ಕುಡಿಯುತ್ತಿದ್ದಾಗಲೇ, ನೈರೋಬಿಯಿಂದ ಭದ್ರತೆಯ ಅಧಿಕಾರಿ ಬಂದ. ಬೇವಿನ ಮರದಡಿ ಅವನಿಗೊಂದು ಕುರ್ಚಿ ಹಾಕಿ, ಊರವರನ್ನು ನೆಲಕ್ಕೆ ಕೂರಿಸಿದರು.

"ಕ್ರಮ ಫಲ ಕೊಟ್ಟಿದೆ," ಎಂದ ಅಧಿಕಾರಿ. "ಆರ್ಡರ್ ಬಂದಮೇಲೆ ಈ ದ್ವೀಪದಲ್ಲಿ ಒಂದೂ ದಾಳಿ ಆಗಿಲ್ಲ."

"ಮುಂಚೇನೂ ಆಗಿರ್ನಿಲ್ಲ ಸಾಮಿ," ಎಂದ ಫೂಮೊ.

"ನಿಮಗೆ ಸ್ವಲ್ಪ ಅನಾನುಕೂಲ ಆಗಿರಬಹುದು. ದೇಶದ ಭದ್ರತೆ ಅಂದಮೇಲೆ ಒಬ್ಬೊಬ್ಬರ ಅನುಕೂಲ ನೋಡೋಕಾಗಲ್ಲ."

"ನನ್ ತಮ್ಮ ಅನಾನುಕೂಲ ಆಗಿ ಸತ್ನಾ ಸಾಮಿ?"

"ಅದು ಹವಾಮಾನ. ನಮ್ಮ ಇಲಾಖೆಗೆ ಬರಲ್ಲ."

"ಎದುರ್ಗಡೆ ಹೋಟ್ಲು ದ್ವೀಪದ ಬಿಳೀ ದೊರೆಗಳು ರಾತ್ರಿ ದೋಣಿ ಮ್ಯಾಲೆ ಕುಡ್ಕಂಡು ಕುಣ್ಕಂಡು ಓಯ್ತಾರಲ್ಲ. ಅವ್ರಿಗೆ ಆರ್ಡರ್ ಇಲ್ವಾ?"

"ಅವರ ಹತ್ರ ಪರವಾನಗಿ ಇದೆ. ಅವರು ಭಯೋತ್ಪಾದಕರಲ್ಲ ಅಂತ ಖಾತ್ರಿಯಾಗಿದೆ."

"ನಾವು?"

ಅಧಿಕಾರಿ ಬಾಟಲಿ ಎತ್ತಿ ನೀರು ಕುಡಿದ. "ಪರಿಶೀಲನೆಯಲ್ಲಿದೆ," ಎಂದ.

ಹಿಂದಿನಿಂದ ಸಾರ್ಜೆಂಟ್ ಕೊಟ್ಟ ಏಟಿಗೆ ಫೂಮೊನ ಟೋಪಿ ಹಾರಿ ಕುರ್ಚಿಯ ಕಾಲ ಬಳಿ ಬಿತ್ತು. "ದೊಡ್ಡೋರ ಮುಂದೆ ನಾಲ್ಗೆ ಬಿಡ್ತೀಯೇನೋ, ಬೋಳಿಮಗನೆ?" ಅಧಿಕಾರಿ ಕಾಲನ್ನು ಕೊಂಚ ಸರಿಸಿ, ಟೋಪಿ ಎತ್ತಿಕೊಳ್ಳಲು ದಾರಿ ಮಾಡಿಕೊಟ್ಟ. ಕತ್ತಲಾದರೆ ದೋಣಿ ಓಡಿಸುವಂತಿಲ್ಲವೆಂದು ಬೇಗ ಹೊರಟೂ ಹೋದ.

ಅಂದು ಸಂಜೆ, ಹೊತ್ತು ಮುಳುಗುತ್ತಿದ್ದಂತೆ, ಫೂಮೊ ದೋಣಿಯನ್ನು ನೀರಿಗೆ ತಳ್ಳುತ್ತಿದ್ದ. ಮುದುಕಿ ತಾಯಿ ಉರಿಯುವ ಲಾಟೀನು ಹಿಡಿದು ಬಂದಳು.

"ದೀಪ ಬ್ಯಾಡ ಕಣವ್ವ. ಠಾಣೆಯೋರ ಕಣ್ಗೆ ಬೀಳ್ತೀನಿ."

"ಬೀಳು. ನೀನೇನು ಕದಿಯಾಕೋಯ್ತಿದ್ದೀಯಾ?"

ತಾನೇ ನೀರಿಗಿಳಿದು ಲಾಟೀನನ್ನು ದೋಣಿಯ ಮೂತಿಗೆ ಕಟ್ಟಿದಳು. ಒದ್ದೆ ಬಟ್ಟೆಯ ಅಂಚನ್ನು ಹಿಂಡದೆ ದಡದಲ್ಲೇ ಕೂತಳು.

ಫೂಮೊ ಹುಟ್ಟು ಹಾಕತೊಡಗಿದ. ನೀರು ಎಣ್ಣೆಯ ಹಾಗೆ ನಿಂತಿತ್ತು. ಠಾಣೆಯಿಂದ ಸೀಟಿ ಕೇಳಿತು. ಆಮೇಲೆ ಸಾರ್ಜೆಂಟ್ ಓಡಿ ಬಂದ.

"ವಾಪಸ್ ಬಾರಲೇ! ಸುಟ್ಟಾಕ್ಬುಡ್ತೀನಿ!"

ಬಂದೂಕಿಗೆ ಗುಂಡೇರಿಸಿದ ಖಟಕ್ ಸದ್ದು ನೀರಿನ ಮೇಲೆ ಹಾದು ಬಂತು. ಅದರ ಹಿಂದೆಯೇ, ಊರವರ್ಯಾರೋ ಇನ್ನೊಂದು ದೋಣಿಯನ್ನು ಮರಳಿನ ಮೇಲೆ ನೀರಿನತ್ತ ಎಳೆಯುತ್ತಿರುವ ಸದ್ದು.

ಫೂಮೊ ಹುಟ್ಟನ್ನು ಒಳಗಿಟ್ಟ. ದಡಕ್ಕೆ ಬೆನ್ನು ಹಾಕಿ ನಿಂತು, ಬಲೆಯನ್ನು ಮೊಳ ಮೊಳವಾಗಿ ನೀರಿಗೆ ಬಿಡತೊಡಗಿದ.