ಷರಾಯಿ ಹೊಲಿಯಬಾರದ ಮೂಲೆ

ಸೈಗಾನಿನ ಆ ಓಣಿಯಲ್ಲಿ ಅಕ್ಕ ಹಾನ್‌ಳ ಹೊಲಿಗೆ ಅಂಗಡಿ ಎಂದರೆ ಮೆಟ್ಟಿಲ ಕೆಳಗಿನ ಒಂದು ಬಿಲ. ಅಲ್ಲಿ ಎರಡನೇ ಹೊಲಿಗೆ ಮಿಷನ್ ಹಿಡಿಸಿದರೆ ತಂಗಿ ತುಯೆನ್ ಇಲ್ಲೇ ಉಳಿಯಬಹುದು. ಇಲ್ಲವಾದರೆ ಸೋಮವಾರ ಮತ್ತೆ ಗಾರ್ಮೆಂಟ್ಸಿಗೆ, ಉಚ್ಚೆಗೆ ಹೋಗಲೂ ಮೇಸ್ತ್ರಿಯ ಮುಖ ನೋಡಬೇಕಾದ ಆ ಸುಡುಗಾಡಿಗೆ. ಅಲ್ಲಿ ವರ್ಷಗಟ್ಟಲೆ ಅವಳು ಹೊಲಿದದ್ದು ಬರೀ ಷರಾಯಿಯ ಎಡಗಾಲು. ಇಲ್ಲಿ ಅಕ್ಕನೂ ಹೊಲಿಯಲು ಕೊಡುತ್ತಿದ್ದುದು ಷರಾಯಿಯನ್ನೇ. ಮದುವಣಗಿತ್ತಿಯರ ನೀಳ ರೇಷ್ಮೆ ನಿಲುವಂಗಿ ಅಕ್ಕನ ಸೊತ್ತು, ಇನ್ನೊಬ್ಬರು ಮುಟ್ಟುವಂತಿಲ್ಲ.

ಪೇಟೆಯಿಂದ ಸೊಂಟದೆತ್ತರದ ಪುಸ್ತಕ ಇಡುವ, ಬಾಗಿಲಿಲ್ಲದ ಎರಡು ರೆಡಿಮೇಡ್ ಕಪಾಟು ತಂದಿದ್ದರು. ಗೋಡೆಯ ಎರಡು ತುದಿಗೆ ಅವನ್ನು ನಿಲ್ಲಿಸಿ, ಮಡಚುವ ಮೇಜಿನ ಕಾಲು ಕಿತ್ತು ಹಲಗೆಯನ್ನು ಮೇಲೆ ಹಾಸಿದರೆ ಒಂದೇ ಉದ್ದನೆಯ ಮೇಜು. ಆದರೆ ಒಂದು ಕಪಾಟು ನಿಲ್ಲಬೇಕಾದ ಬಾಗಿಲ ಮೂಲೆಯಲ್ಲೇ ನೆಲದ ದೇವರು ಓಂಗ್ ದಿಯಾ ಕೆಂಪು ಪೆಟ್ಟಿಗೆಯೊಳಗೆ ಡೊಳ್ಳುಹೊಟ್ಟೆ ಬಿಟ್ಟುಕೊಂಡು ನಗುತ್ತಾ ಕೂತಿದ್ದ. ಮುಂದೆ ನೈವೇದ್ಯದ ಹಾಲುಕಾಫಿ, ಸಿಗರೇಟು.

"ಒಂಚೂರು ಮೇಲಕ್ಕೆ ಕೂರಿಸೋಣ ಅಕ್ಕಾ."

"ನಿನ್ ಬಾಯಿಗೆ ಬೆಂಕಿ ಬೀಳ! ನೆಲದ ದೇವ್ರನ್ನ ಅಟ್ಟ ಹತ್ತಿಸ್ತೀಯೇನೆ? ಬಾಗಿಲು ಕಾಣ್ದೆ ಗಿರಾಕಿನ ಹೆಂಗೆ ಕರೀತಾನೆ?"

"ಕಾಫಿ, ಸಿಗರೇಟು ಎಲ್ಲಾ ಅವ್ನಿಗೆ. ಬಾಡಿಗೆ ಮಾತ್ರ ನಾವು ಕಟ್ಬೇಕು."

"ಮುಚ್ಚೇ!"

ಮಧ್ಯಾಹ್ನದ ಊಟವಾಗಿ ಇಡೀ ಓಣಿ ಮಲಗಿತು. ತುಯೆನ್ ಕಪಾಟುಗಳ ನಡುವೆ ತಣ್ಣನೆಯ ನೆಲಕ್ಕೊರಗಿದಳು. ಸಿಟ್ಟು ಇನ್ನೂ ಹಣೆಯಲ್ಲಿ ಮಿಡಿಯುತ್ತಿತ್ತು. ಫ್ಯಾನಿನ ಗಾಳಿಗೆ ರೇಷ್ಮೆ ತುಂಡುಗಳು ನೀರೊಳಗಿನ ಪಾಚಿಯಂತೆ ತೂಗಿದವು. ರೆಪ್ಪೆ ಕೂಡಿದೊಡನೆ ಗೋಡೆಗಳು ಹಿಂದೆ ಸರಿದವು. ಕಪಾಟುಗಳು ದೋಣಿಗಳಾಗಿ ತೇಲಿದವು. ಒಂದು ದೋಣಿ ಮೆಲ್ಲಗೆ ಹೊರಳಿ ಬಾಗಿಲಿಗೆ ಮುಖ ಮಾಡಿತು. ಅದರೊಳಗೆ ಡೊಳ್ಳುಹೊಟ್ಟೆಯವನು ಕೂತು ಕಾಫಿ ಹೀರುತ್ತಾ, ಬಾ ಎಂಬಂತೆ ಬೀಸಣಿಗೆ ಆಡಿಸಿದ.

ಎದ್ದವಳೇ ಒಂದು ಕಪಾಟಿನ ತಳದ ಹಲಗೆ ಕಿತ್ತಳು. ಅದರ ಬಾಯನ್ನು ಬಾಗಿಲ ಕಡೆ ತಿರುಗಿಸಿ ದೇವರ ಪೆಟ್ಟಿಗೆಯ ಮೇಲೆ ಮುಚ್ಚಿದಂತೆ ಇಳಿಸಿದಳು. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಎರಡೂ ಕಪಾಟಿನ ಮೇಲೆ ಮೇಜಿನ ಹಲಗೆ ಹಾಸಿದಳು.

ಸದ್ದಿಗೆ ಎಚ್ಚೆತ್ತ ಹಾನ್ ಬಗ್ಗಿ ನೋಡಿದಳು.

"ನೆಲದ್ ಮೇಲೇ ಇದಾನೆ. ಬಾಗ್ಲೂ ಕಾಣುತ್ತೆ," ಎಂದಳು ತುಯೆನ್.

"ಅದ್ರ ಮೇಲೆ ಮಿಷನ್ ಇಟ್ಟು ಷರಾಯಿ ಹೊಲೀತೀಯಾ? ಊರವರ ಕುಂಡೆ ಬಟ್ಟೆ ದೇವ್ರ ತಲೆ ಮೇಲೆ?"

ತುಯೆನ್‌ಳ ಕಣ್ಣ ಮುಂದೆ ಸೋಮವಾರ ಬಂದು ನಿಂತಿತು. "ಹಂಗಾದ್ರೆ ಅಲ್ಲಿ ನೀನೇ ಕೂತ್ಕೊಂಡು ನಿಲುವಂಗಿ ಹೊಲಿ. ನಾನು ಒಳಗಡೆ ಕೂರ್ತೀನಿ."

ಹಾನ್ ಆ ಮೂಲೆಗೆ ಅಡ್ಡಡ್ಡಲಾಗಿ ನುಗ್ಗಿದಳು. ಕಪಾಟಿಗೂ ಮೆಟ್ಟಿಲಿಗೂ ನಡುವೆ ಸೊಂಟ ಸಿಕ್ಕಿಕೊಂಡಿತು.

"ಎಳಿಯೇ, ಹಲ್ಲು ಕಿರೀಬೇಡ!"

"ಕರಿದ ಬಾಳೆಹಣ್ಣು ಇನ್ನೆರಡು ತಿನ್ನು ಅಕ್ಕಾ."

ಈಚೆ ಬಂದ ಹಾನ್ ಏದುಸಿರು ಬಿಡುತ್ತಾ ಕೂತಳು. ನಿಲುವಂಗಿಗೆಂದು ಕತ್ತರಿಸಿಟ್ಟ ಕೆಂಪು ರೇಷ್ಮೆಯನ್ನು ತೊಡೆಯ ಮೇಲೆಳೆದು ಸುಮ್ಮನೆ ಸವರಿದಳು. ಎಷ್ಟೋ ಹೊತ್ತು ಸವರಿದಳು.

"ಷರಾಯಿ ಇತ್ಲಾಗೆ ಕೊಡು, ಒಳಗಡೆ ನಾನ್ ಹೊಲೀತೀನಿ," ಎಂದಳು ಕೊನೆಗೆ, ಮುಖ ಬೇರೆ ಕಡೆ ತಿರುಗಿಸಿ. ರೇಷ್ಮೆಯನ್ನು ಹಲಗೆಯ ಮೇಲೆ ತಳ್ಳಿದಳು. ಅದು ಕೆಂಪು ನೀರಿನಂತೆ ತುಯೆನ್‌ಳತ್ತ ಹರಿಯಿತು. "ಕೊರಳಪಟ್ಟಿ ಸೊಟ್ಟಗಾದ್ರೆ ಕೈ ಮುರೀತೀನಿ."

ತುಯೆನ್ ಆ ಸಂದಿಯೊಳಗೆ ಜಾರಿ ಕೂತಳು. ಮಿಷನ್ ಓಡಿಸಲಿಲ್ಲ. ಬಟ್ಟೆಯಲ್ಲಿ ಕೊರಳು ಬರಬೇಕಾದ ಜಾಗವನ್ನು ಬೆರಳಿನಿಂದ ಹುಡುಕುತ್ತಾ ಹೋದಳು.