ಮಂಡಕ್ಕಿ ಡಬ್ಬಿಯ ತಳ

ವಾಮದೇವಪ್ಪ ಮಾವ ಕೊಕ್ಕನೂರಿಂದ ಬಂದು ಪಡಸಾಲೆಯಲ್ಲಿ ಕೂತಾಗ ನನ್ನ ಎದೆ ಧಸಕ್ಕೆಂದಿತು. ಅವರು ಅತ್ತೆಯ ಅಣ್ಣ, ಒಳ್ಳೆಯ ಮನುಷ್ಯ, ಅವರ ಮೇಲೆ ನನಗೇನೂ ಇಲ್ಲ. ಆದರೆ ನಮ್ಮ ಹರಿಹರದಲ್ಲಿ ಸಂಜೆ ಮನೆಗೆ ಬಂದವರಿಗೆ ಮಂಡಕ್ಕಿ ಒಗ್ಗರಣೆ ಕೊಡದೆ ಕಳಿಸುವುದುಂಟೇ? ನನ್ನ ಮಾತ್ರೆ ಬಾಟಲಿ ಇದ್ದದ್ದು ಮಂಡಕ್ಕಿ ಡಬ್ಬಿಯ ತಳದಲ್ಲಿ.

ಅತ್ತೆ ಮಂಡಕ್ಕಿ ಮುಟ್ಟುವುದಿಲ್ಲ, ಹಲ್ಲುನೋವು ಅನ್ನುತ್ತಾರೆ. ಅದಕ್ಕೇ ಅಲ್ಲಿಟ್ಟಿದ್ದೆ. ನೆಂಟರ ನೆನಪೇ ಆಗಿರಲಿಲ್ಲ. ಎಂಥ ಪೆದ್ದಿ ನಾನು!

ಹನ್ನೆರಡು ದಿನದ ಹಿಂದೆ, ಸಣ್ಣದೊಂದು ಗಡ್ಡೆ ತೆಗೆಸಲು ದಾವಣಗೆರೆಗೆ ಹೋದಾಗ ರಕ್ತ ಪರೀಕ್ಷೆಯಲ್ಲಿ ಎಚ್‌ಐವಿ ಇರುವುದು ಗೊತ್ತಾಯಿತು. ಎಂಟು ವರ್ಷದ ಮಗಳು ಅಂಕಿತಾಳ ರಕ್ತವನ್ನೂ ನೋಡಿದರು. ಅವಳಿಗೆ ಏನೂ ಇಲ್ಲ. ಆಸ್ಪತ್ರೆಯ ಕೌನ್ಸೆಲರ್ ವಾಣಿಶ್ರೀ ಬಾಟಲಿ ಕೈಗಿಟ್ಟು, "ಈಗ್ಲೇ ಶುರು ಮಾಡಿದ್ರೆ ಎಲ್ಲರಂಗೆ ಬದುಕ್ತೀರಿ. ದಿನಾ ಒಂದು. ಬಿಡಬ್ಯಾಡ್ರಿ," ಎಂದರು. ಆಮೇಲೆ ಎರಡು ಸಲ ಫೋನ್ ಮಾಡಿದರು. ಎರಡು ಸಲವೂ "ನುಂಗ್ತಿದೀನ್ರಿ" ಎಂದೆ. ಬಾಟಲಿಯ ಸೀಲ್ ಕೂಡ ಒಡೆದಿರಲಿಲ್ಲ.

ಭಯ. ದಿನಾ ಮಾತ್ರೆ ನುಂಗುವವಳನ್ನು ಅತ್ತೆ ಒಂದಲ್ಲ ಒಂದು ದಿನ ನೋಡುತ್ತಾರೆ. ಗಂಡ ಕೊಟ್ರೇಶ್ ಟಿಬಿಯಿಂದ ಹೋಗಿ ಎರಡು ವರ್ಷ. ಈಗ ಇದೂ ತಿಳಿದರೆ ನನ್ನನ್ನು ಹೊರಗೆ ಹಾಕಿ ಅಂಕಿತಾಳನ್ನು ಇಟ್ಟುಕೊಳ್ಳುತ್ತಾರೆ. ಮಗಳಿಲ್ಲದೆ ನಾನೆಲ್ಲಿಗೆ ಹೋಗಲಿ?

"ನಾನು ಮಾಡ್ತೀನಿ ಬಿಡ್ರಿ ಅತ್ತೆ," ಎನ್ನುತ್ತಾ ಅಡುಗೆಮನೆಗೆ ಓಡಿದೆ. ಅಷ್ಟರಲ್ಲಿ ಅವರು ಡಬ್ಬಿಯನ್ನು ಬೋಗುಣಿಗೆ ಬೋರಲು ಹಾಕಿಯಾಗಿತ್ತು. ಮಂಡಕ್ಕಿಯ ಮೇಲೆ ಬಿಳಿ ಬಾಟಲಿ ಬಿತ್ತು.

ಅತ್ತೆ ಅದನ್ನೆತ್ತಿ ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಗಿಸಿಕೊಂಡರು. ನನ್ನತ್ತ ತಿರುಗಲೂ ಇಲ್ಲ. ಒಗ್ಗರಣೆ ಹಾಕಿ ತಟ್ಟೆ ತುಂಬಿ ಅಣ್ಣನ ಮುಂದಿಟ್ಟರು. ಮಾವ ಮೆಣಸಿನಕಾಯಿ ಕಚ್ಚುತ್ತಾ ಊರಿನ ಸುದ್ದಿಯೆಲ್ಲ ಹೇಳಿದರು. ಒಂದು ಮಾತೂ ನನ್ನ ಕಿವಿಗೆ ಬೀಳಲಿಲ್ಲ. ಟ್ಯೂಷನ್ನಿಂದ ಅಂಕಿತಾ ಬರುವ ಮೊದಲೇ ಅವಳ ಬಟ್ಟೆ ಕಟ್ಟಿಕೊಳ್ಳಲೇ ಎಂದು ಯೋಚಿಸುತ್ತಿದ್ದೆ.

ಮಾವ ಬಸ್ಸಿಗೆ ಹೊರಟ ಮೇಲೆ ಅತ್ತೆ ಬಾಗಿಲು ಹಾಕಿ ಬಾಟಲಿಯನ್ನು ಹೊರಗೆ ತೆಗೆದರು.

"ಸೀಲೇ ಒಡೆದಿಲ್ಲಲ್ಲ ರೂಪಾ. ಯಾಕ?"

ನಾನು ಬಾಟಲಿಗೆ ಕೈ ಚಾಚಿದರೂ ಅತ್ತೆ ಬಿಡಲಿಲ್ಲ.

"ಕೊಟ್ರೇಶೂ ಇಂಥದೇ ಬಾಟ್ಲಿ ಇದೇ ಡಬ್ಬಿಯಾಗೇ ಇಟ್ಟಿದ್ದ. ಅವನು ಹೋದ ಮ್ಯಾಲೆ ಸಿಕ್ತು. ಅರ್ಧ ಹಂಗೇ ಉಳಿದಿತ್ತು. ಔಷಧಿ ಅಂಗಡಿಯಾಗೆ ತೋರ್ಸಿ ಏನಂತ ತಿಳ್ಕೊಂಡೆ. ಅವತ್ತಿಂದ ಮಂಡಕ್ಕಿ ಗಂಟಲಾಗೆ ಇಳಿಯಂಗಿಲ್ಲ."

ನೆತ್ತಿಗೇರಿದ ಸಿಟ್ಟಿಗೆ ಭಯವೆಲ್ಲ ಹಾರಿಹೋಯಿತು. "ಎರಡು ವರ್ಷದಿಂದ ಗೊತ್ತಿತ್ತಾ? ನನಗ್ಯಾಕ ಹೇಳ್ಲಿಲ್ಲ? ಅವತ್ತೇ ಪರೀಕ್ಷೆ ಮಾಡಿಸ್ತಿದ್ದೆ! ಅವತ್ತೇ ಶುರು ಮಾಡ್ತಿದ್ದೆ!"

"ಹೇಳಿದ್ರೆ ನೀ ಅಂಕಿತಾನ್ನ ಕರ್ಕೊಂಡು ತವರಿಗೆ ಹೋಗ್ತೀ ಅಂತ ಹೆದ್ರಿದ್ದೆ." ಅತ್ತೆ ಗೋಡೆಗೊರಗಿ ಕುಸಿದು ಕೂತು ಅತ್ತರು.

ಸಮಾಧಾನ ಮಾಡಲು ನನಗೆ ಮನಸ್ಸು ಬರಲಿಲ್ಲ. ಇವತ್ತಿಗೂ ಆ ಎರಡು ವರ್ಷ ನೆನೆದರೆ ಮೈ ಉರಿಯುತ್ತದೆ. ಆದರೆ ಅವತ್ತು ಬಾಟಲಿ ಇಸಿದುಕೊಂಡರೂ ಸೀಲ್ ಒಡೆಯಲು ನನಗೆ ಆಗಲೇ ಇಲ್ಲ. ಅತ್ತೆ ಕಣ್ಣೊರೆಸಿಕೊಂಡು ಎದ್ದು, ಹಲ್ಲಿನಿಂದ ಕಚ್ಚಿ ಒಡೆದು, ಒಂದು ಮಾತ್ರೆ ನನ್ನ ಅಂಗೈಗೆ ಹಾಕಿ ನೀರು ಕೊಟ್ಟರು. ನಾನು ನುಂಗುವವರೆಗೂ ಕಣ್ಣು ತೆಗೆಯದೆ ನೋಡಿದರು.

ಆಮೇಲೆ ಬಾಟಲಿಯನ್ನು ಮತ್ತೆ ಆ ಡಬ್ಬಿಗೇ ಹಾಕಹೋದರು. ನಾನು ಅವರ ಕೈಯಿಂದ ಕಸಿದುಕೊಂಡು ಕುಡಿಯುವ ನೀರಿನ ಕೊಡದ ಪಕ್ಕದಲ್ಲಿ, ಬಂದವರಿಗೆಲ್ಲ ಕಾಣುವಂತೆ ಇಟ್ಟೆ.